ನೀರು ಬಿದ್ದ ಮೇಲೆ ದುಡ್ಡು

(ಕೊಪ್ಪಳದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರು, ಸ್ವಸಹಾಯ ಸಂಘಗಳ ಮಹಿಳೆಯರು ಹಾಗೂ ಪದವಿ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ನಿಮ್ಮಲ್ಲಿ ಎಷ್ಟು ಜನ ಹೊಲದಲ್ಲಿ ಬೋರ್‌ವೆಲ್ ಕೊರೆಸಿದ್ದೀರಿ? ಕೈ ಎತ್ತಿ. ಅರ್ಧ ಸಭೆಯೇ ಕೈ ಎತ್ತಿದೆ. ಈಗ, ಒಮ್ಮೆಯಾದರೂ ನೀರು ಬೀಳದೆ ಹೋದವರು ಕೈ ಹಾಗೆಯೇ ಇಟ್ಟುಕೊಳ್ಳಿ, ಉಳಿದವರು ಇಳಿಸಿ. ನೋಡಿ, ಇಳಿದ ಕೈಗಳು ಬಹಳ ಕಡಿಮೆ.

ಬೋರ್ ಲಾರಿಯವರ ಲೆಕ್ಕ ಅಡಿಯ ಮೇಲೆ. ಮುನ್ನೂರು ಅಡಿ ಕೊರೆದರೆ ಮುನ್ನೂರು ಅಡಿಯ ಹಣ, ಐನೂರು ಕೊರೆದರೆ ಐನೂರರ ಹಣ. ಎರಡು ಇಂಚು ನೀರು ಚಿಮ್ಮಿದರೂ ಅದೇ ದರ, ಬೂದಿಯಂತಹ ಕಲ್ಲಿನ ಪುಡಿ ಹಾರಿದರೂ ಅದೇ ದರ. ರೈತನಿಗೆ ಬೇಕಾದದ್ದು ನೀರು, ಅವನು ದುಡ್ಡು ಕೊಟ್ಟದ್ದು ತೂತಿಗೆ. ಬಡ್ಡಿಗೆ ತಂದ ದುಡ್ಡು ನೆಲದೊಳಗೆ ಹೋಗುತ್ತದೆ, ಲಾರಿ ಮುಂದಿನ ಊರಿಗೆ ಹೋಗುತ್ತದೆ.

ನಮ್ಮ ಸರ್ಕಾರಿ ಕಾಮಗಾರಿಗಳೂ ಬಹಳ ಕಾಲ ಹೀಗೆಯೇ ನಡೆದವು. ಎಷ್ಟು ಮೀಟರ್ ಪೈಪ್ ಹೂತಿದ್ದೀರಿ, ಎಷ್ಟು ಲೀಟರ್ ಹಿಡಿಯುವ ಟ್ಯಾಂಕ್ ಕಟ್ಟಿದ್ದೀರಿ ಎಂದು ಅಳೆದು ಎಂ.ಬಿ., ಅಂದರೆ ಅಳತೆ ಪುಸ್ತಕ, ಬರೆದರು, ಬಿಲ್ಲು ಎತ್ತಿದರು. ಆ ಪೈಪಿನ ತುದಿಯಲ್ಲಿ ಒಬ್ಬ ತಾಯಿಯ ಕೊಡ ತುಂಬಿತೇ ಎಂದು ಕೇಳುವ ಕಲಂ ಎಂ.ಬಿ.ಯಲ್ಲಿ ಇರಲಿಲ್ಲ. ಬಿಲ್ಲು ಆಯಿತು, ನೀರು ಆಗಲಿಲ್ಲ ಎಂಬ ಮಾತನ್ನು ನಾನು ಕೊಪ್ಪಳ, ರಾಯಚೂರು, ಬಳ್ಳಾರಿ ಈ ಮೂರು ಜಿಲ್ಲೆಗಳ ಎಷ್ಟೋ ಊರುಗಳ ಕಟ್ಟೆಗಳ ಮೇಲೆ ಕೇಳಿದ್ದೇನೆ.

ಹಾಗಾದರೆ ನಿಯಮವನ್ನು ತಿರುಗಿಸೋಣ, ನೀರು ಬಿದ್ದ ಮೇಲೆ ದುಡ್ಡು ಎಂದು ನೀವು ಹೇಳಬಹುದು. ಒಳ್ಳೆಯ ಮಾತು. ಇಂದಿನ ವಿಷಯವೇ ಅದು. ಆದರೆ ಅದೇ ಬೋರ್ ಲಾರಿಯನ್ನು ಇನ್ನೊಂದು ಗಳಿಗೆ ನೋಡಿ. ನೀರು ಬಿದ್ದರೆ ಮಾತ್ರ ದುಡ್ಡು ಎಂದು ನಾಳೆ ಬೆಳಿಗ್ಗೆ ನಿಯಮವಾದರೆ ಲಾರಿ ಎಲ್ಲಿಗೆ ಹೋಗುತ್ತದೆ? ಕಾಲುವೆಯ ಪಕ್ಕದ ಹೊಲಕ್ಕೆ ಹೋಗುತ್ತದೆ, ಗಂಗಾವತಿಯ ಗದ್ದೆಗಳ ಕಡೆಗೆ ಹೋಗುತ್ತದೆ. ಕುಷ್ಟಗಿಯ, ಯಲಬುರ್ಗಾದ ಬಂಡೆ ನೆಲದ ಕಡೆಗೆ ಮುಖವನ್ನೂ ಹಾಕುವುದಿಲ್ಲ. ಇಲ್ಲವೇ ಬುದ್ಧಿವಂತನಾದ ಮಾಲೀಕ, ಕೊರೆಯುವ ಮೊದಲ ಡೀಸೆಲ್ ಖರ್ಚನ್ನು ನೀವೇ ಕೊಡಿ, ನೀರು ಬಿದ್ದ ಮೇಲೆ ತಿರುಗಿಸಿ ಕೊಡುತ್ತೇನೆ ಎನ್ನುತ್ತಾನೆ. ಆಗ ನಷ್ಟದ ಭಯ ಮತ್ತೆ ರೈತನ ಹೆಗಲಿಗೇ ಬಂತು. ಫಲ ಕಂಡ ಮೇಲೆ ಹಣ ಎಂಬ ನಿಯಮದ ಒಳಿತೂ ಕೆಡುಕೂ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ. ಫಲ ಕಾಣುವವರೆಗೆ ಕೈಯಿಂದ ಹಣ ಹಾಕಿ ಕಾಯುವವರು ಯಾರು?

ಈ ವಿಚಾರ ಹೊಸದಲ್ಲ. ಚಿಲಿ ದೇಶ 1994ರಲ್ಲಿ ಹಳ್ಳಿಗಳಿಗೆ ವಿದ್ಯುತ್ ಒಯ್ಯಲು ಹೊರಟಾಗ, ಸರ್ಕಾರ ತಾನೇ ಕಂಬ ನೆಡಲಿಲ್ಲ. ವಿದ್ಯುತ್ ಕಂಪನಿಗಳನ್ನು ಪೈಪೋಟಿಗೆ ಬಿಟ್ಟು, ಒಂದು ಬಾರಿಯ ಸಹಾಯಧನ ಕೊಟ್ಟಿತು. ಹತ್ತೊಂಬತ್ತುನೂರ ತೊಂಬತ್ತರ ದಶಕದ ಆರಂಭದಲ್ಲಿ ಹಳ್ಳಿಯ ಮನೆಗಳಲ್ಲಿ ಸುಮಾರು ಅರ್ಧಕ್ಕೆ ಮಾತ್ರ ವಿದ್ಯುತ್ ಇತ್ತು, ದಶಕ ಮುಗಿಯುವಾಗ ಅದು ಮುಕ್ಕಾಲು ಪಾಲಿಗೆ ಏರಿತ್ತು. 2003ರಲ್ಲಿ ವಿಶ್ವ ಬ್ಯಾಂಕ್ ಮತ್ತು ಬ್ರಿಟನ್ ಸರ್ಕಾರದ ಅಭಿವೃದ್ಧಿ ಇಲಾಖೆ ಸೇರಿ ಫಲ ಕಂಡ ಮೇಲೆ ಕೊಡುವ ಸಹಾಯಧನಕ್ಕಾಗಿಯೇ ಒಂದು ಜಾಗತಿಕ ಸಹಭಾಗಿತ್ವವನ್ನು ಕಟ್ಟಿದವು. ನೀರು, ಬೆಳಕು, ಶೌಚಾಲಯ, ಹೆರಿಗೆ ಆರೈಕೆ ಎಂದು ಹಲವು ದೇಶಗಳಲ್ಲಿ ಪ್ರಯೋಗಗಳಾದವು.

ಅವುಗಳಲ್ಲಿ ಎರಡನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಎರಡೂ ನಮಗೆ ಹತ್ತಿರದವು.

ಮೊದಲನೆಯದು ಮೊರಾಕ್ಕೊ ದೇಶದ್ದು. ಕಾಸಾಬ್ಲಾಂಕಾ, ಟಾಂಜಿಯರ್, ಮೆಕ್ನೆಸ್ ನಗರಗಳ ಅಂಚಿನಲ್ಲಿ, ನಮ್ಮ ನಗರಗಳ ಅಂಚಿನಲ್ಲಿ ಇರುವಂತೆಯೇ, ಬಡವರ ಬಡಾವಣೆಗಳಿವೆ. ನಗರಕ್ಕೆ ನೀರು ಬರುತ್ತಿತ್ತು, ಈ ಮನೆಗಳಿಗೆ ಬರುತ್ತಿರಲಿಲ್ಲ. ತಿಂಗಳ ನೀರಿನ ಕರ ಕಟ್ಟಬಲ್ಲ ಮನೆಗೆ ಸಂಪರ್ಕ ಪಡೆಯುವ ದಿನದ ದೊಡ್ಡ ಮೊತ್ತವನ್ನು ಹೊಂದಿಸಲಾಗುವುದಿಲ್ಲ. ಇದು ನಿಮಗೂ ಗೊತ್ತಿರುವ ಕಷ್ಟ. ಠೇವಣಿ, ರಸ್ತೆ ಅಗೆಯುವ ಶುಲ್ಕ, ಮೀಟರ್, ಪ್ಲಂಬರ್ ಕೂಲಿ, ಎಲ್ಲವೂ ಒಂದೇ ವಾರದಲ್ಲಿ ಬೇಕು. ಕೂಲಿಯವರ ಮನೆಯಲ್ಲಿ ದಿನಕ್ಕೆ ಐದು ರೂಪಾಯಿಯ ನಾಣ್ಯ ಹಾಕಿ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ನೀರು ತರಬಹುದು, ಒಂದೇ ಸಲ ಐದು ಸಾವಿರ ಎಣಿಸುವುದು ಆಗದು. ವರ್ಷದ ಲೆಕ್ಕ ಹಾಕಿದರೆ ನಳದ ನೀರಿಗಿಂತ ಕ್ಯಾನಿನ ನೀರೇ ದುಬಾರಿ. ಬಡತನ ಎಂದರೆ ಅಗ್ಗದ ವಸ್ತುವನ್ನು ಕೊಳ್ಳಲು ಬೇಕಾದ ದೊಡ್ಡ ನೋಟು ಕೈಯಲ್ಲಿ ಇಲ್ಲದಿರುವುದು ಎಂದು ನನಗೆ ಎಷ್ಟೋ ಬಾರಿ ಅನಿಸಿದೆ.

ಮೊರಾಕ್ಕೊದಲ್ಲಿ ಸಹಾಯಧನವನ್ನು ಹಂಚಿದ ಕ್ರಮ ಹೀಗಿತ್ತು. ನೀರು ಸರಬರಾಜು ಸಂಸ್ಥೆ ತನ್ನ ಹಣದಿಂದ ಸಂಪರ್ಕ ಕೊಡಬೇಕು. ಸಂಪರ್ಕ ಕೆಲಸ ಮಾಡುತ್ತಿದೆ ಎಂದು ಹೊರಗಿನವರು ಬಂದು ಪರಿಶೀಲಿಸಿದ ಮೇಲೆ ಸಹಾಯಧನದ ನೂರಕ್ಕೆ 60 ಪಾಲು. ಉಳಿದ 40 ಪಾಲು, ಕನಿಷ್ಠ ಆರು ತಿಂಗಳು ನೀರು ಸರಿಯಾಗಿ ಬಂದಿದೆ ಎಂದು ಮತ್ತೆ ಪರಿಶೀಲಿಸಿದ ಮೇಲೆ. ಫಿಲಿಪ್ಪೀನ್ಸಿನ ಮನಿಲಾದಲ್ಲಿಯೂ ಬಡ ಮನೆಗಳ ಸಂಪರ್ಕಕ್ಕೆ ಇಂತಹದ್ದೇ ಕಟ್ಟು ಇತ್ತು, ಅಲ್ಲಿ ಮೂರು ತಿಂಗಳ ಸೇವೆಯನ್ನು ನೋಡುತ್ತಿದ್ದರು. ಆ ನಲವತ್ತು ಪಾಲಿನ ಬಗ್ಗೆ ಯೋಚಿಸಿ. ನಮ್ಮ ಊರಿನಲ್ಲಿ ಕಾಮಗಾರಿ ಮುಗಿದ ಮೂರನೇ ತಿಂಗಳಿಗೆ ವಾಲ್ವ್ ಕೆಟ್ಟರೆ ಗುತ್ತಿಗೆದಾರರ ಮನೆ ಹುಡುಕಿಕೊಂಡು ಹೋಗಬೇಕು. ನೂರರಲ್ಲಿ ನಲವತ್ತು ಇನ್ನೂ ಬಾಕಿ ಇದ್ದರೆ ಅವರೇ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ನಮ್ಮ ರಾಜ್ಯದಲ್ಲಿಯೂ ಇದರ ಸುಳಿವು ಇದೆ. 2005ರ ನಂತರ ಕಲಬುರಗಿ, ಬೆಳಗಾವಿ, ಹುಬ್ಬಳ್ಳಿ-ಧಾರವಾಡದ ಕೆಲವು ವಲಯಗಳಲ್ಲಿ ದಿನದ ಇಪ್ಪತ್ನಾಲ್ಕು ಗಂಟೆ ನೀರು ಕೊಡುವ ಪ್ರಯೋಗ ನಡೆಯಿತು. ಅಲ್ಲಿ ನಿರ್ವಾಹಕ ಕಂಪನಿಗೆ ಸಲ್ಲುವ ಹಣದ ಒಂದು ಭಾಗ ಸೇವೆಯ ಗುರಿ ಮುಟ್ಟಿದ್ದರ ಮೇಲೆ ನಿಂತಿತ್ತು. ಕಲಬುರಗಿಯಲ್ಲಿ ಬರೆಯಲು ಸಾಧ್ಯವಾದ ಷರತ್ತನ್ನು ಕೊಪ್ಪಳದ ಹಳ್ಳಿಯ ಕಾಮಗಾರಿಗೂ ಬರೆಯಬಹುದು.

ಎರಡನೆಯದು ಬಾಂಗ್ಲಾದೇಶದ್ದು. ವಿದ್ಯುತ್ ತಂತಿ ತಲುಪದ ಹಳ್ಳಿಗಳಿಗೆ ಸೌರದೀಪ ಕೊಡುವ ಕಾರ್ಯಕ್ರಮ 2003ರಲ್ಲಿ ಅಲ್ಲಿ ಶುರುವಾಯಿತು. ಸರ್ಕಾರದ ಒಂದು ಹಣಕಾಸು ಸಂಸ್ಥೆ ಅದನ್ನು ನಡೆಸಿತು, ಹಳ್ಳಿಗಳಲ್ಲಿ ಕೆಲಸ ಮಾಡಿದ್ದು ಸ್ವಯಂಸೇವಾ ಸಂಸ್ಥೆಗಳು. ಮನೆಯವರು ಸಣ್ಣ ಮುಂಗಡ ಕೊಡುತ್ತಾರೆ, ಫಲಕ, ಬ್ಯಾಟರಿ, ದೀಪ ಆ ದಿನವೇ ಮನೆಗೆ ಬರುತ್ತವೆ, ಉಳಿದದ್ದನ್ನು ಕಂತಿನಲ್ಲಿ ತೀರಿಸುತ್ತಾರೆ. ದೀಪ ಹಾಕಿದ ಸಂಸ್ಥೆ ತನ್ನ ಹಣ ಹೂಡಿ ಕಾಯಬೇಕು. ಪರಿಶೀಲನೆ ಆದ ಮೇಲೆ ಅದಕ್ಕೆ ಸಾಲದ ಮರುಪೂರಣವೂ ಸಹಾಯಧನವೂ ಸಿಗುತ್ತದೆ. ಬ್ಯಾಟರಿಗೆ ಐದು ವರ್ಷದ ಖಾತರಿ. ಕಂತು ವಸೂಲಿಗೆ ತಿಂಗಳು ತಿಂಗಳೂ ಹೋಗಬೇಕಾದ್ದರಿಂದ ದೀಪ ಆರಿದರೆ ಆ ತಿಂಗಳೇ ಸಂಸ್ಥೆಗೆ ತಿಳಿಯುತ್ತದೆ, ದೀಪ ಉರಿಯದ ಮನೆಯಿಂದ ಯಾರು ಕಂತು ಕೊಡುತ್ತಾರೆ? ಹೀಗೆ ನಲವತ್ತು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಬೆಳಕು ತಲುಪಿತು.

ಎರಡೂ ಕಡೆ ಕಾಯುವ ಭಾರವನ್ನು ಹೊತ್ತದ್ದು ಕಾಯುವ ಶಕ್ತಿ ಇದ್ದವರು. ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಂಡು ನಮ್ಮ ಊರಿಗೆ ಬನ್ನಿ.

ನಮ್ಮಲ್ಲಿ ಫಲಿತಾಂಶ ನೋಡಿ ಹಣ ಕೊಡುವ ಯೋಜನೆಗಳಲ್ಲಿ ಹೆಚ್ಚು ಮನೆಗಳನ್ನು ಮುಟ್ಟಿದ್ದು ಶೌಚಾಲಯದ್ದು. 1999ರ ಸಂಪೂರ್ಣ ಸ್ವಚ್ಛತಾ ಆಂದೋಲನದಲ್ಲಿ ಪ್ರೋತ್ಸಾಹಧನ ಕೆಲವು ನೂರು ರೂಪಾಯಿ ಇತ್ತು. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಆರಂಭವಾದಾಗ ಅದು 12,000 ರೂಪಾಯಿಗೆ ಏರಿತು. ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡದ ಕುಟುಂಬಗಳಿಗೆ 15,000. ಇದೇ ಕೊಪ್ಪಳ ಜಿಲ್ಲೆಯ ಒಬ್ಬ ಶಾಲಾ ಬಾಲಕಿ ಮನೆಯಲ್ಲಿ ಶೌಚಾಲಯ ಬೇಕೆಂದು ಉಪವಾಸ ಕುಳಿತದ್ದನ್ನು 2016ರಲ್ಲಿ ಪ್ರಧಾನಿ ತಮ್ಮ ಆಕಾಶವಾಣಿ ಮಾತಿನಲ್ಲಿ ನೆನೆದರು. ಆ ಮಗುವಿನ ಹಟದಿಂದ ಎಷ್ಟೋ ಮನೆಗಳಲ್ಲಿ ಮಾತು ಶುರುವಾಯಿತು. ಕತ್ತಲಾಗುವುದನ್ನು ಕಾಯುತ್ತಾ ಹೊಟ್ಟೆ ಹಿಡಿದುಕೊಂಡು ಕುಳಿತ ಹೆಂಗಸರನ್ನು ನೋಡಿ ಬೆಳೆದವರು ನಾವು. ಆ ಯೋಜನೆಯನ್ನು ಹಗುರವಾಗಿ ಮಾತನಾಡಲು ನನಗೆ ಮನಸ್ಸಿಲ್ಲ.

ಆದರೆ ಹಣ ಬರುತ್ತಿದ್ದದ್ದು ಹೇಗೆ? ಮೊದಲು ಕಟ್ಟಿ, ಫೋಟೊ ಆಗಲಿ, ಆಮೇಲೆ ಖಾತೆಗೆ ಬೀಳುತ್ತದೆ.

ಸಿಂಧನೂರು ತಾಲ್ಲೂಕಿನ ಒಂದು ಊರಿನಲ್ಲಿ ಸಂಘದ ಪುಸ್ತಕ ಬರೆಯುವ ಕೆಲಸ ನನ್ನದಾಗಿತ್ತು. ಅಲ್ಲಿನ ಒಬ್ಬ ಸದಸ್ಯೆ, ವಯಸ್ಸು ನಲವತ್ತರ ಹತ್ತಿರ, ಗಂಡನಿಗೆ ಕಾಲು ಸರಿ ಇರಲಿಲ್ಲ. ಶೌಚಾಲಯಕ್ಕೆಂದು 12,000 ರೂಪಾಯಿ ಕೈಗಡ ತಂದರು, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಗೌಂಡಿಗೆ ಕೂಲಿ ಕೊಟ್ಟು, ತಾವೇ ಕಲ್ಲು ಹೊತ್ತು, ಗುಂಡಿ ತೋಡಿದರು. ಕಟ್ಟಿ ಮುಗಿಯಿತು. ಪರಿಶೀಲನೆಗೆ ಬರುತ್ತೇವೆ ಎಂದವರು ಬರಲಿಲ್ಲ. ಸುಗ್ಗಿ ಮುಗಿಯಿತು, ಮನೆಯವರೆಲ್ಲ ಬೆಂಗಳೂರಿಗೆ ಗುಳೆ ಹೋದರು. ಪರಿಶೀಲನೆಯವರು ಬಂದದ್ದು ಆಗ. ಬಾಗಿಲಿಗೆ ಬೀಗ. ‘ಬಳಕೆಯಲ್ಲಿಲ್ಲ’ ಎಂದು ಬರೆದು ಹೋದರು. ಗುಳೆಯಿಂದ ಮರಳಿ, ಪಂಚಾಯಿತಿಗೆ ಅಲೆದು, ಮತ್ತೆ ಫೋಟೊ ತೆಗೆಸಿ, ಆಧಾರ್ ಜೋಡಣೆ ಬೇರೆ ಬ್ಯಾಂಕಿಗೆ ಆಗಿದ್ದನ್ನು ಸರಿಪಡಿಸಿ, ಹಣ ಖಾತೆಗೆ ಬೀಳುವಾಗ ಹನ್ನೊಂದು ತಿಂಗಳು ಕಳೆದಿತ್ತು. ತಿಂಗಳಿಗೆ 360ರಂತೆ 3,960 ರೂಪಾಯಿ ಬಡ್ಡಿ. ಸರ್ಕಾರದ ಪುಸ್ತಕದಲ್ಲಿ ಅವರಿಗೆ ಸಂದದ್ದು ಹನ್ನೆರಡು ಸಾವಿರ. ನಾನು ಬರೆಯುತ್ತಿದ್ದ ಪುಸ್ತಕದಲ್ಲಿ ಅವರಿಗೆ ಉಳಿದದ್ದು 8,040. ಮೂರರಲ್ಲಿ ಒಂದು ಪಾಲು ಸಹಾಯಧನ ಬಡ್ಡಿ ಸಾಹುಕಾರರಿಗೆ ಹೋಯಿತು.

‘ಅಕ್ಕಾ, ಕಟ್ಟದೆ ಇದ್ದಿದ್ದರೆ ಸಾಲವಾದರೂ ಇರುತ್ತಿರಲಿಲ್ಲ’ ಎಂದು ಅವರು ಒಂದು ಸಂಜೆ ನನಗೆ ಹೇಳಿದರು. ಅಂದು ಪುಸ್ತಕ ಮುಚ್ಚಿ ಎದ್ದು ಬಂದೆ. ಏನು ಉತ್ತರ ಕೊಡಬಹುದಿತ್ತು ಎಂದು ಇಂದಿಗೂ ಯೋಚಿಸುತ್ತೇನೆ.

ಇನ್ನೊಂದು ಸಂಗತಿ ನೋಡಿ. ಇದೇ ಸ್ವಚ್ಛ ಭಾರತಕ್ಕೆ ವಿಶ್ವ ಬ್ಯಾಂಕ್ 2015ರ ಡಿಸೆಂಬರ್‌ನಲ್ಲಿ 150 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಅದೂ ಫಲಿತಾಂಶಕ್ಕೆ ಕಟ್ಟಿದ ಹಣವೇ, ಸ್ವತಂತ್ರ ಸಮೀಕ್ಷೆ ನಡೆದು ಶೌಚಾಲಯಗಳ ಬಳಕೆ ಸಾಬೀತಾದ ಮೇಲೆ ಬಿಡುಗಡೆಯಾಗುವಂಥದ್ದು. ಸಮೀಕ್ಷೆಯ ಮೊದಲ ಸುತ್ತು ನಡೆದದ್ದು 2017-18ರಲ್ಲಿ. ಅಂದರೆ ದೆಹಲಿಯ ಸರ್ಕಾರವೂ ಕಾಯಿತು. ಅದು ಕಾಯಬಲ್ಲದು, ಅದಕ್ಕೆ ಖಜಾನೆ ಇದೆ. ಸಿಂಧನೂರಿನ ಆ ಮನೆಗೆ ಇದ್ದದ್ದು ಗೋಡೆಯ ಗೂಡಿನಲ್ಲಿ ಇಟ್ಟ ಒಂದು ಡಬ್ಬಿ. ಖಜಾನೆಗೂ ಡಬ್ಬಿಗೂ ಒಂದೇ ನಿಯಮ ಬರೆದದ್ದು ತಪ್ಪು ಎಂದು ನಾನು ನಂಬುತ್ತೇನೆ.

ಈ ತಪ್ಪನ್ನು ತಿದ್ದುವ ದಾರಿ ಕಾಗದದ ಮೇಲೆ ಇತ್ತು ಎಂಬುದು ಹೆಚ್ಚು ನೋವಿನ ಸಂಗತಿ. ಪ್ರೋತ್ಸಾಹಧನವನ್ನು ಎರಡು ಕಂತಿನಲ್ಲಿ, ಒಂದನ್ನು ಕಟ್ಟುವ ಮೊದಲೇ ಕೊಡಲು ರಾಜ್ಯಗಳಿಗೆ ಸ್ವಚ್ಛ ಭಾರತದ ಮಾರ್ಗಸೂಚಿಯಲ್ಲಿ ಅವಕಾಶವಿತ್ತು. ಜಿಲ್ಲಾ ಮಟ್ಟದಲ್ಲಿ ಸುತ್ತುನಿಧಿ, ಅಂದರೆ ಮರಳಿ ಬಂದ ಹಣವನ್ನೇ ಮತ್ತೆ ಸಾಲ ಕೊಡುವ ನಿಧಿ, ಇಟ್ಟು ಸ್ವಸಹಾಯ ಸಂಘಗಳ ಮೂಲಕ ಅಗ್ಗದ ಸಾಲ ಕೊಡಲೂ ಅವಕಾಶವಿತ್ತು. ನಾನು ಓಡಾಡಿದ ಊರುಗಳಲ್ಲಿ ಆ ಸುತ್ತುನಿಧಿಯ ಹೆಸರನ್ನು ಕೇಳಿದ ಒಬ್ಬ ಸಂಘದ ಪ್ರತಿನಿಧಿಯನ್ನೂ ನಾನು ನೋಡಲಿಲ್ಲ. ಕಿರುಸಾಲ ಸಂಸ್ಥೆಗಳ ವಸೂಲಿ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಸಾಲಗಳಲ್ಲಿ ಎಷ್ಟು ಸಾಲ ಸರ್ಕಾರದ ಹಣ ಬರುವವರೆಗೆ ಕಾಯಲು ಮಾಡಿದ್ದು ಎಂದು ನಿಮ್ಮ ನಿಮ್ಮ ಸಂಘಗಳಲ್ಲಿ ಒಮ್ಮೆ ಕೇಳಿ ನೋಡಿ.

ಬಳ್ಳಾರಿ ಜಿಲ್ಲೆಯಿಂದ ಬಂದವರು ಇಲ್ಲಿ ಇದ್ದೀರಿ. ನಿಮ್ಮಲ್ಲಿ ಗಣಿಗಾರಿಕೆಯಿಂದ ಬರುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ. 2015ರ ಕಾನೂನು ತಿದ್ದುಪಡಿಯಿಂದ ಬಂದ ನಿಧಿ ಅದು, ಕುಡಿಯುವ ನೀರು, ಆರೋಗ್ಯ, ನೈರ್ಮಲ್ಯ ಅದರ ಆದ್ಯತೆಯ ಪಟ್ಟಿಯಲ್ಲೇ ಇವೆ. ಕಟ್ಟಡ ಕಟ್ಟುವುದಕ್ಕೆ ಆ ಹಣ ಕೇಳುವವರು ಬಹಳ ಜನ. ಬಡ ಮನೆಗಳ ಪರವಾಗಿ ಕಾಯುವುದಕ್ಕೆ, ಅಂದರೆ ಸುತ್ತುನಿಧಿಗೆ, ಅದರಲ್ಲಿ ಒಂದು ಪಾಲು ಕೇಳಿ. ಮನೆಗೆ ಸಹಾಯಧನ ಬಂದಾಗ ಆ ಪಾಲು ನಿಧಿಗೆ ಮರಳುತ್ತದೆ, ಮುಂದಿನ ಮನೆಗೆ ಹೋಗುತ್ತದೆ.

ಇಲ್ಲಿ ಸ್ವಲ್ಪ ವಿಷಯ ಬಿಟ್ಟು ಹೋಗುತ್ತೇನೆ. ಮಧ್ಯದ ಸಾಲಿನಲ್ಲಿ ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆಯರು ಕುಳಿತಿದ್ದಾರೆ, ಅವರನ್ನು ನೋಡಿ ನೆನಪಾಯಿತು. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ ಬಂದ ಈ ಹುದ್ದೆಗೆ ಸಂಬಳ ಎಂಬುದಿಲ್ಲ, ಕೈಗೆ ಬರುವ ಹಣದ ದೊಡ್ಡ ಭಾಗ ಕೆಲಸಕ್ಕೆ ಇಷ್ಟು ಎಂಬ ಪ್ರೋತ್ಸಾಹಧನ. ಒಂದು ಹೆರಿಗೆಗೆ ಒಂಬತ್ತು ತಿಂಗಳು ಒಂದು ಮನೆಗೆ ತಿರುಗುತ್ತಾರೆ. ಕೊನೆಯ ವಾರದಲ್ಲಿ ಆ ಬಸುರಿ ಹೆಂಗಸು ತವರಿಗೆ ಹೋದರೆ ಲೆಕ್ಕ ಎಲ್ಲೋ ಕಳೆದುಹೋಗುತ್ತದೆ. ನಡೆದ ದಾರಿ ಪೋರ್ಟಲ್‌ನಲ್ಲಿ ಕಾಣುವುದಿಲ್ಲ. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ರಾತ್ರಿ ಕಳೆದರು, ತಿಂಗಳಿಗೆ 15,000 ರೂಪಾಯಿ ನಿಶ್ಚಿತ ಗೌರವಧನ ಬೇಕೆಂದು. ಫಲಕ್ಕೆ ಹಣ ಎಂಬ ನಿಯಮವನ್ನು ಕಂಪನಿಯ ಮೇಲೆ ಹೇರಿದರೆ ಅದು ಶಿಸ್ತು. ಕೆಲವೇ ಸಾವಿರಕ್ಕೆ ದುಡಿಯುವ ಹೆಂಗಸಿನ ಮೇಲೆ ಹೇರಿದರೆ ಅದು ಅವಳ ಹೊಟ್ಟೆಯ ಮೇಲೆ ಬೀಳುವ ಹೊಡೆತ. ನಾನು ವಿಷಯ ಬಿಟ್ಟು ಹೋಗಿಲ್ಲ ಎಂದು ಈಗ ತೋರುತ್ತಿದೆ.

ಇನ್ನು, ಫಲ ಎಂದರೆ ಯಾವುದು ಎಂಬ ಪ್ರಶ್ನೆ. ಅಡುಗೆ ಅನಿಲದ ಉಜ್ವಲಾ ಯೋಜನೆ 2016ರ ಮೇ 1ರಂದು ಶುರುವಾಯಿತು. ಒಂದೊಂದು ಸಂಪರ್ಕಕ್ಕೆ 1,600 ರೂಪಾಯಿ ನೆರವು. ಸಂಪರ್ಕಗಳ ಸಂಖ್ಯೆ ಕೋಟಿ ಕೋಟಿ ಏರಿತು. ಒಲೆಗೂ ಮೊದಲ ಸಿಲಿಂಡರಿಗೂ ಸಾಲ ಪಡೆದವರಿಂದ ಆ ಸಾಲವನ್ನು ಮುಂದಿನ ಸಿಲಿಂಡರುಗಳ ಸಬ್ಸಿಡಿಯಲ್ಲಿ ಹಿಡಿದುಕೊಂಡರು, ಹಾಗಾಗಿ ಬಡವರೇ ಪೂರ್ತಿ ಬೆಲೆ ಕೊಡಬೇಕಾಯಿತು. 2019ರ ಮಹಾಲೇಖಪಾಲರ ವರದಿ ನೋಡಿದಾಗ ಆ ಮನೆಗಳು ವರ್ಷಕ್ಕೆ ಸರಾಸರಿ ನಾಲ್ಕು ಸಿಲಿಂಡರ್ ಕೂಡ ತುಂಬಿಸುತ್ತಿರಲಿಲ್ಲ. ಸಂಪರ್ಕವೇ ಫಲ ಎಂದು ಬರೆದಿದ್ದರು, ಆ ಫಲ ಬಂತು. ಹೊಗೆ ಇಲ್ಲದ ಅಡುಗೆಮನೆ ಬೇಕಿತ್ತು, ಅದು ಪೂರ್ತಿ ಬರಲಿಲ್ಲ. ಆಮೇಲೆ 2022ರಲ್ಲಿ ಸಿಲಿಂಡರಿಗೆ 200 ರೂಪಾಯಿ, 2023ರಲ್ಲಿ 300 ರೂಪಾಯಿ ಸಬ್ಸಿಡಿ ಕೊಡಬೇಕಾಗಿ ಬಂದದ್ದಕ್ಕೆ ಇದೂ ಒಂದು ಕಾರಣ.

ನಳದ ಕಥೆಯೂ ಅದೇ ಹಾದಿ ಹಿಡಿಯಬಾರದು. ಜಲಜೀವನ ಮಿಷನ್ 2019ರ ಆಗಸ್ಟ್ 15ರಂದು ಘೋಷಣೆಯಾದಾಗ ದೇಶದ ಹಳ್ಳಿಗಳಲ್ಲಿ ಸುಮಾರು ಮೂರೂಕಾಲು ಕೋಟಿ ಮನೆಗಳಿಗೆ ಮಾತ್ರ ನಳವಿತ್ತು, ಇಂದು ಅದು ಹದಿನೈದು ಕೋಟಿ ದಾಟಿದೆ. ನಮ್ಮಲ್ಲಿ ಅದಕ್ಕೆ ಮನೆ ಮನೆಗೆ ಗಂಗೆ ಎಂಬ ಚೆಂದದ ಹೆಸರು. ತಲೆಗೆ ದಿನಕ್ಕೆ 55 ಲೀಟರ್ ಎಂದು ಯೋಜನೆಯೇ ಹೇಳುತ್ತದೆ. ಆದರೆ ಕಾಮಗಾರಿಯ ಲೆಕ್ಕದಲ್ಲಿ ಸುಲಭಕ್ಕೆ ಸಿಗುವ ಸಾಕ್ಷಿ ಫೋಟೊ. ಮನೆಯ ಮುಂದೆ ನಳ ನಿಲ್ಲಿಸಿ, ಅದರ ಪಕ್ಕದಲ್ಲಿ ಮನೆಯೊಡತಿಯನ್ನು ನಿಲ್ಲಿಸಿ ತೆಗೆದ ಫೋಟೊ. ಆ ಫೋಟೊದಲ್ಲಿ ನಳ ಬಿಟ್ಟಿದೆಯೋ ಇಲ್ಲವೋ ತಿಳಿಯುವುದಿಲ್ಲ, ನೀರು ಒಂದು ದಿನ ಬಂತೋ ನೂರು ದಿನ ಬಂತೋ ತಿಳಿಯುವುದಿಲ್ಲ.

ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ಇದನ್ನು ವಿವರಿಸಬೇಕಿಲ್ಲ. ತುಂಗಭದ್ರಾ ಜಲಾಶಯ ತುಂಬಿದ ವರ್ಷವೂ ಮಾನ್ವಿ, ಸಿರವಾರದ ಕಡೆಯ ರೈತರು ನೀರಿಗಾಗಿ ರಸ್ತೆಗೆ ಇಳಿಯುತ್ತಾರೆ. ಮೇಲಿನ ತೂಬಿನಲ್ಲಿ ನೀರು ಹರಿದದ್ದು ಕೊನೆಯ ತೂಬಿಗೆ ಸಾಕ್ಷಿಯಲ್ಲ ಎಂಬುದನ್ನು ನಾವು ಎರಡು ತಲೆಮಾರಿನಿಂದ ಅನುಭವಿಸಿ ತಿಳಿದಿದ್ದೇವೆ. ಊರಿನ ಪೈಪಿಗೂ ಕೊನೆ ಭಾಗ ಇದೆ. ಟ್ಯಾಂಕಿನ ಬುಡದ ಮನೆಗಳಲ್ಲಿ ನೀರು ಜೋರಾಗಿ ಬೀಳುತ್ತದೆ, ಅಲ್ಲಿ ಮೋಟರ್ ಹಚ್ಚಿ ಎಳೆಯುವವರೂ ಇರುತ್ತಾರೆ. ಕೊನೆಯ ಓಣಿಗೆ ಬರುವ ಹೊತ್ತಿಗೆ ನಳದಲ್ಲಿ ಗಾಳಿ ಬರುತ್ತದೆ. ಆ ಕೊನೆಯ ಓಣಿ ಯಾರದು ಎಂದು ನಾನು ಹೇಳಬೇಕಿಲ್ಲ. ನಮ್ಮ ಬಹುಪಾಲು ಊರುಗಳಲ್ಲಿ ಅದು ದಲಿತರ ಕೇರಿ, ಇಲ್ಲವೇ ಹೊಸದಾಗಿ ಬಂದು ಗುಡಿಸಲು ಹಾಕಿಕೊಂಡವರ ಸಾಲು. ಊರಿಗೆ ನೀರು ಬಂತೇ ಎಂದು ನೋಡಬೇಕಾದರೆ ಕೊನೆಯ ನಳವನ್ನು ನೋಡಬೇಕು. ಬಿಲ್ಲಿನ ಕೊನೆಯ ಕಂತನ್ನು ಆ ಕೊನೆಯ ನಳಕ್ಕೆ ಕಟ್ಟಬೇಕು. ಅಲ್ಲಿ ನೀರು ಬಂದರೆ ನಡುವಿನ ಮನೆಗಳಿಗೆ ಬಂದೇ ಬಂದಿರುತ್ತದೆ.

ನೀರು ಬಂದರೂ ಎಂತಹ ನೀರು ಎಂಬುದು ಉಳಿಯುತ್ತದೆ. 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಅವರ ಮನೆಗಳಲ್ಲಿ ನಳ ಇರಲಿಲ್ಲ ಎಂದು ಯಾರೂ ಹೇಳಲಾರರು. ಕೊಪ್ಪಳ, ರಾಯಚೂರು ಜಿಲ್ಲೆಗಳ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಬಾರದು ಎಂದು ಭಾರತೀಯ ಮಾನದಂಡ ಹೇಳುತ್ತದೆ. ಹಳದಿ ಗೆರೆಯ ಹಲ್ಲುಗಳ ಮಕ್ಕಳನ್ನು, ಮಂಡಿ ಮಡಚಲಾರದ ಹಿರಿಯರನ್ನು ನೀವು ನಿಮ್ಮ ಬಂಧುಗಳಲ್ಲೇ ನೋಡಿದ್ದೀರಿ. ನೀರಿನ ಪರೀಕ್ಷೆ ಪಾಸಾಗದ ನಳವನ್ನು ಫಲ ಎಂದು ಎಣಿಸಿ ಹಣ ಬಿಡುವುದು ದೊಡ್ಡ ಅನ್ಯಾಯ.

ನೆಲದ ಮಾತು ಒಂದಿದೆ, ಎಂಜಿನಿಯರಿಂಗ್ ಓದುವ ಹುಡುಗರು ಇದನ್ನು ಕಿವಿಗೊಟ್ಟು ಕೇಳಬೇಕು. ಜೋಡಿ ಗುಂಡಿಯ ಶೌಚಾಲಯದಲ್ಲಿ ಗುಂಡಿಯ ನೀರು ಸುತ್ತಲಿನ ಮಣ್ಣಿಗೆ ಇಂಗಬೇಕು. ಕೆಂಪು ಮಣ್ಣಿನ ಮಸಾರಿ ನೆಲದಲ್ಲಿ ಚೆನ್ನಾಗಿ ಇಂಗುತ್ತದೆ. ಕಪ್ಪು ಮಣ್ಣಿನ ಎರೆ ನೆಲದಲ್ಲಿ ಇಂಗುವುದು ನಿಧಾನ, ಮಳೆಗಾಲದಲ್ಲಿ ಎರೆ ಉಬ್ಬಿ ಗುಂಡಿಯ ಗೋಡೆಯನ್ನು ಒತ್ತುತ್ತದೆ, ಹಾಗಾಗಿ ಗುಂಡಿ ದೊಡ್ಡದಿರಬೇಕು, ಸುತ್ತ ಮರಳು ತುಂಬಬೇಕು. ನೀರಾವರಿ ಪ್ರದೇಶದಲ್ಲಿ ನಾಲ್ಕು ಅಡಿ ತೋಡಿದರೆ ಜೌಗು. ಬಂಡೆ ನೆಲದಲ್ಲಿ ಗುಂಡಿ ತೋಡಲು ಕಂಪ್ರೆಸರ್ ತರಿಸಬೇಕು. ಎಲ್ಲ ನೆಲಕ್ಕೂ ಒಂದೇ ದರ ಇಟ್ಟರೆ ಮಸಾರಿ ಊರುಗಳು ಬೇಗ ಗುರಿ ಮುಟ್ಟುತ್ತವೆ, ಉಳಿದವು ಹಿಂದುಳಿದ ಊರು ಎನಿಸಿಕೊಳ್ಳುತ್ತವೆ. ಬೋರ್ ಲಾರಿ ಕಾಲುವೆ ಪಕ್ಕದ ಹೊಲಕ್ಕೆ ಹೋದ ಹಾಗೆ, ಗುರಿ ಮುಟ್ಟಬೇಕಾದ ಅಧಿಕಾರಿಯೂ ಗುತ್ತಿಗೆದಾರರೂ ಸುಲಭದ ಮನೆಗೆ ಮೊದಲು ಹೋಗುತ್ತಾರೆ. ಅವರನ್ನು ಬೈದು ಫಲವಿಲ್ಲ, ದರವನ್ನು ತಿದ್ದಬೇಕು. ಕಷ್ಟದ ನೆಲಕ್ಕೆ, ದೂರದ ತಾಂಡಾಕ್ಕೆ, ಗುಡ್ಡದ ಮೇಲಿನ ದೊಡ್ಡಿಯ ಮನೆಗಳಿಗೆ ಹೆಚ್ಚು ದರ ಇಟ್ಟರೆ ಲಾರಿಯೇ ಹುಡುಕಿಕೊಂಡು ಬರುತ್ತದೆ. ಹಕ್ಕುಪತ್ರವಿಲ್ಲದ ಮನೆಗಳನ್ನು ಪಟ್ಟಿಯಿಂದ ಬಿಡುವುದೂ ನಿಲ್ಲಬೇಕು. ಹಕ್ಕುಪತ್ರ ಬರುವವರೆಗೆ ಬಾಯಾರಿಕೆ ಕಾಯುವುದಿಲ್ಲ.

ಮಾತು ಮುಗಿಸಿ ಕುಳಿತಾಗ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ಕೇಳಿದರು: ‘ಎಲ್ಲ ಸರಿ, ಆದರೆ ನಮ್ಮ ನಳಕ್ಕೆ ನೀರು ಬಂದಿಲ್ಲ ಎಂದು ನಾವು ಹೇಳಿದರೆ ನಂಬುವವರು ಯಾರು? ನೀರಗಂಟಿ ಬಿಟ್ಟಿದ್ದೇನೆ ಎನ್ನುತ್ತಾರೆ, ಪಂಚಾಯಿತಿಯಲ್ಲಿ ಅದನ್ನೇ ಬರೆದುಕೊಳ್ಳುತ್ತಾರೆ.’

ಅವರಿಗೆ ಹೇಳಿದ ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ. ನಿಮ್ಮ ಓಣಿಯ ಕೊನೆಯ ನಳದ ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ಐದು ಜನರ ಮನೆಗೆ ತಲೆಗೆ 55 ಲೀಟರಿನಂತೆ ದಿನಕ್ಕೆ 275 ಲೀಟರ್ ಬರಬೇಕು. ನಮ್ಮ ಪ್ಲಾಸ್ಟಿಕ್ ಕೊಡ ಸುಮಾರು ಹದಿನೈದು ಲೀಟರಿನದು, ಅಂದರೆ ಹದಿನೆಂಟು ಕೊಡ. ತಾರೀಖು, ನೀರು ಬಂದ ಹೊತ್ತು, ತುಂಬಿದ ಕೊಡ, ಈ ಮೂರು ಕಲಂ ಸಾಕು. ಓದಲು ಬರೆಯಲು ಬಾರದಿದ್ದರೆ ಕೊಡಕ್ಕೊಂದು ಗೆರೆ ಎಳೆಯಿರಿ, ತಾರೀಖನ್ನು ಶಾಲೆಗೆ ಹೋಗುವ ಮಗು ಬರೆಯಲಿ. ನೀರಿನ ಪರೀಕ್ಷೆಯ ಕಿಟ್ ಬಳಸಲು ಊರಿಗೆ ಐದು ಮಹಿಳೆಯರಿಗೆ ತರಬೇತಿ ಕೊಡಬೇಕೆಂದು ಜಲಜೀವನ ಯೋಜನೆಯಲ್ಲೇ ಇದೆ, ನಿಮ್ಮ ಊರಿನ ಆ ಐವರು ಯಾರು ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಪಿಡಿಒ ಅವರನ್ನು ಕೇಳಿ, ಅವರ ಫಲಿತಾಂಶವನ್ನೂ ಅದೇ ಪುಸ್ತಕದಲ್ಲಿ ಬರೆಸಿ. ಊರಿನ ಪ್ರತಿ ಮನೆಗೂ ನೀರು ಬಂದಿದೆ ಎಂಬ ಪ್ರಮಾಣವನ್ನು ಗ್ರಾಮಸಭೆ ಒಪ್ಪಬೇಕು ಎಂಬ ನಿಯಮವಿದೆ. ಆ ಠರಾವು ಓದುವ ದಿನ ಎದ್ದು ನಿಂತು, ಮೂರು ತಿಂಗಳ ಪುಸ್ತಕವನ್ನು ಅಧ್ಯಕ್ಷರ ಮೇಜಿನ ಮೇಲೆ ಇಡಿ, ಇದನ್ನೂ ಠರಾವಿನಲ್ಲಿ ಸೇರಿಸಿ ಎಂದು ಕೇಳಿ.

ಆ ತಾಯಿ ತಮ್ಮ ಪಕ್ಕದವರ ಕೈಯಿಂದ ಪೆನ್ನು ಇಸಿದುಕೊಂಡು, ಸಭೆಯಲ್ಲಿ ಹಂಚಿದ್ದ ಕರಪತ್ರದ ಹಿಂಬದಿಯಲ್ಲಿ ಅಲ್ಲಿಯೇ ಮೂರು ಕಲಂ ಗೆರೆ ಹಾಕಿಕೊಂಡರು. ಮೂರನೆಯ ಕಲಮಿನ ತಲೆಗೆ ಹದಿನೆಂಟು ಎಂದು ಬರೆದರು.